ಕಂಬ ಕಚ್ಚುತ್ತದೆ

ಸೋದರಮಾವನ ತೋಟದಲ್ಲಿರುವ, ನಾನು ಮೈಸೂರಿನಿಂದಲೇ ನಡೆಸುವ ಪುಟ್ಟ ವೀಕ್ಷಣಾಲಯದ ಪಾಲಿಗೆ ಮೋಡವಿಲ್ಲದ ಹದಿನೇಳು ರಾತ್ರಿಗಳು ಹಾಳಾಗಿ ಹೋದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೊಂದು ಇದೆಯೆಂದು ಬರೀ ನಂಬಿಕೆಯ ಮೇಲೆ ಹೇಳಬೇಕಾದ ಕೊಡಗಿನಲ್ಲಿ, ಫೆಬ್ರುವರಿ–ಮಾರ್ಚ್‌ನ ಹದಿನೇಳು ರಾತ್ರಿ ಎಂದರೆ ವರ್ಷದ ಬೆಳೆಯ ಅರ್ಧ ಭಾಗ ನೆಲಕಚ್ಚಿದ ಹಾಗೆ. ಮೊನ್ನೆ ಕಳ್ಳ ಸಿಕ್ಕಿದ. ಸಿಕ್ಕಿದ ಸಂತೋಷಕ್ಕಿಂತ ಅವನು ಅಷ್ಟು ದಿನ ಕಣ್ಣೆದುರೇ ನಿಂತಿದ್ದನೆಂಬ ಸಿಟ್ಟೇ ಹೆಚ್ಚು.

ಸರಿಯುವ ಛಾವಣಿಯ ಹಳಿ, ಅದನ್ನು ಎಳೆಯುವ ಗೇಟ್ ಮೋಟಾರ್, ದೂರದರ್ಶಕ ಹೊತ್ತ ಮರಳು ತುಂಬಿದ ಕಬ್ಬಿಣದ ಕಂಬ, ಇವನ್ನೆಲ್ಲ ಕಟ್ಟಿದ್ದು ಹಿಂದೆಯೇ ಹೇಳಿ ಮುಗಿಸಿದ ಕಥೆ. ದೂರದರ್ಶಕ ಆಕಾಶದ ಜೊತೆ ಸರಿಯಾಗಿ ತಿರುಗಬೇಕಾದರೆ ಅದರ ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ಹೊಂದಿಸಬೇಕು; ಆ ಸಮಸ್ಯೆ ಏನಾಯಿತು ಎಂದು ಕೇಳಿದವರಿಗೆ ಒಂದೇ ಮಾತು: ಆ ನಕ್ಷತ್ರ ನಮ್ಮಲ್ಲಿ ದಿಗಂತದಿಂದ ಹನ್ನೆರಡೂವರೆ ಡಿಗ್ರಿಯಷ್ಟೇ ಮೇಲಿದೆ, ಅಂದರೆ ಸೋದರಮಾವನ ಸಿಲ್ವರ್ ಓಕ್ ಮರಗಳ ಹಿಂದೆ. ಒಂದು ಮರ ಕಡಿಸೋಣವೇ ಎಂದೆ. ಅದರ ಮೇಲೆ ಹಬ್ಬಿರುವ ಮೆಣಸಿನ ಬಳ್ಳಿ ವರ್ಷಕ್ಕೆ ಎಷ್ಟು ಕೊಡುತ್ತದೆ ಎಂಬ ಲೆಕ್ಕ ಹೇಳಿದರು. ಕೊನೆಗೆ ಬೇರೆ ನಕ್ಷತ್ರಗಳು ಎತ್ತ ಜಾರುತ್ತವೆಂದು ನೋಡಿ ಅಕ್ಷ ತಿದ್ದುವ ಡ್ರಿಫ್ಟ್ ವಿಧಾನದಲ್ಲಿ ಹೊಂದಿಸಿಕೊಂಡೆ.

ಹೊಸಕೋಟೆಯಲ್ಲಿ ಕುಳಿತ ಖಗೋಳ ವಿಜ್ಞಾನಿಗಳು ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ದೂರದರ್ಶಕವನ್ನು ಉಪಗ್ರಹ ಸಂಪರ್ಕದಿಂದ ನಡೆಸುತ್ತಾರೆ. ನಾನು ಮೈಸೂರಿನಲ್ಲಿ ಕುಳಿತು ನೂರು ಕಿಲೋಮೀಟರ್ ದೂರದ ಸುಂಟಿಕೊಪ್ಪದ ತೋಟದಲ್ಲಿರುವ ಎಂಟು ಇಂಚಿನ ಕನ್ನಡಿಯ ನ್ಯೂಟೋನಿಯನ್ ದೂರದರ್ಶಕವೊಂದನ್ನು ಬೆಳಗಿನವರೆಗೆ ಎಚ್ಚರವಾಗಿಡಲಾರದೆ ಹೋದೆ. ಹಾನ್ಲೆಯಲ್ಲಿ ಆನೆ ಇಲ್ಲ ಎಂಬುದೊಂದೇ ನನ್ನ ಪರವಾದ ವಾದ. ಆನೆಯ ವಿಷಯಕ್ಕೆ ಮುಂದೆ ಬರುತ್ತೇನೆ.

ರೋಗದ ಲಕ್ಷಣ ಹೀಗಿತ್ತು. ನವೆಂಬರ್‌ನಿಂದ ಜನವರಿ ಕೊನೆಯವರೆಗೆ ಎಲ್ಲವೂ ಸುಸೂತ್ರ. ಫೆಬ್ರುವರಿ ಎರಡನೆಯ ವಾರದಿಂದ, ನಡುರಾತ್ರಿ ಹನ್ನೆರಡೂವರೆ–ಒಂದರ ಹೊತ್ತಿಗೆ ಚಿತ್ರಗಳಲ್ಲಿ ಅಡ್ಡಲಾಗಿ ತೆಳು ಗೆರೆಗಳು ಕಾಣಿಸತೊಡಗಿದವು. ಹತ್ತಿಪ್ಪತ್ತು ನಿಮಿಷಕ್ಕೆ, ದೂರದರ್ಶಕ ಗುರಿ ತಪ್ಪದಂತೆ ಕಾಯುವ ಗೈಡ್ ಕ್ಯಾಮೆರಾ ಮಾಯ. ಅದರ ಹಿಂದೆಯೇ ಫೋಕಸರ್, ಮುಖ್ಯ ಕ್ಯಾಮೆರಾ, ಕೊನೆಗೆ ಇವನ್ನೆಲ್ಲ ಕಂಪ್ಯೂಟರಿಗೆ ಸೇರಿಸುವ ಇಡೀ ಯುಎಸ್‌ಬಿ ಹಬ್. ಈ ಉಪಕರಣಗಳನ್ನೆಲ್ಲ ನಡೆಸುವ ನೀನಾ ಎಂಬ ತಂತ್ರಾಂಶ ಮಾತ್ರ ಪಾಪ, ಸಿಕ್ಕಷ್ಟನ್ನು ಉಳಿಸಿ, ಛಾವಣಿ ಮುಚ್ಚಿಸಿ ಮಲಗುತ್ತಿತ್ತು. ಆಗ ಫೋನ್ ಕಿರುಚುತ್ತದೆ. ನಾನು ಕತ್ತಲಲ್ಲಿ ಎದ್ದು ಕುಳಿತು ಪರದೆ ನೋಡುತ್ತಾ 'ನೀನಾ, ನೀನಾ' ಎಂದು ಹಲ್ಲು ಕಡಿಯುತ್ತಿದ್ದರೆ, ಪಕ್ಕದಲ್ಲಿ ನಿದ್ದೆಗಣ್ಣಿನ ಹೆಂಡತಿ 'ನಾನಲ್ಲ' ಎನ್ನುತ್ತಾಳೆ.

ಹಗಲಿನಲ್ಲಿ ಮುಚ್ಚಿದ ಛಾವಣಿಯಡಿ ಕ್ಯಾಮೆರಾಕ್ಕೆ ಬೆಳಕೇ ಬೀಳದಂತೆ ಎಂಟು ಗಂಟೆ ಡಾರ್ಕ್ ಚಿತ್ರ ತೆಗೆದರೂ ಒಂದು ದೋಷವಿಲ್ಲ. ರಾತ್ರಿಯೂ ಗಾಳಿ ಬೀಸಿ ಇಬ್ಬನಿ ಬೀಳದಿದ್ದರೆ ಬೆಳಗಿನವರೆಗೆ ಸುಗಮ. ತಾಪಮಾನಕ್ಕೂ ಇಬ್ಬನಿ ಬಿಂದುವಿಗೂ ಅಂತರ ಎರಡು ಡಿಗ್ರಿಗಿಂತ ಕಡಿಮೆಯಾಯಿತೋ, ಅರ್ಧ ಗಂಟೆಯೊಳಗೆ ಅವಘಡ. ಇಷ್ಟು ಸಾಕ್ಷ್ಯ ಕೊಟ್ಟರೆ ನೀವಾದರೂ ಯಾರನ್ನು ಹಿಡಿಯುತ್ತೀರಿ? ನಾನೂ ಇಬ್ಬನಿಯನ್ನೇ ಹಿಡಿದೆ.

ಎರಡು ವಾರ ತೇವದ ಮೇಲೆ ಯುದ್ಧ ನಡೆಯಿತು. ಪ್ರತಿ ಕನೆಕ್ಟರನ್ನೂ ಬಿಚ್ಚಿ ಸ್ವಚ್ಛಗೊಳಿಸಿದೆ. ಹಬ್ಬನ್ನು ಸಿಲಿಕಾ ಜೆಲ್ ತುಂಬಿದ ಊಟದ ಡಬ್ಬಿಯಲ್ಲಿ ಕೂರಿಸಿದೆ. ಇನ್ನೊಂದು ಹೀಟರ್ ಪಟ್ಟಿ ತರಿಸಿ ಕಟ್ಟಿದೆ. ಆಮೇಲೆ ಆ ಹೀಟರ್‌ಗಳೇ ವಿದ್ಯುತ್ ಗದ್ದಲ ಎಬ್ಬಿಸುತ್ತಿರಬಹುದೆಂದು ಎಲ್ಲವನ್ನೂ ಕಿತ್ತು ಕನ್ನಡಿ ಮಂಜಾಗಲು ಬಿಟ್ಟೆ. ಕನ್ನಡಿ ಮಂಜಾಯಿತು, ಹಬ್ಬೂ ಸತ್ತಿತು.

ಕೇಬಲ್‌ಗಳ ಸರದಿ ಬಂದಾಗ ಬೆಂಗಳೂರಿನ ಪೂರೈಕೆದಾರರೊಬ್ಬರಿಂದ, ಕೇಬಲಿಗೆ ತೊಡಿಸಿ ವಿದ್ಯುತ್ ಗದ್ದಲ ತಡೆಯುವ ಫೆರೈಟ್ ಮಣಿಗಳನ್ನು ತರಿಸಿದೆ. ಏಳು ಮಿಲಿಮೀಟರ್ ಒಳವ್ಯಾಸದವು ಬೇಕೆಂದು ಎರಡು ಸಲ ಬರೆದಿದ್ದೆ. ಬಂದವು ಮೂರೂವರೆಯವು. ಕೇಳಿದರೆ 'ಸರ್, ಒಂದಕ್ಕೆ ಎರಡು ಕೊಟ್ಟಿದ್ದೇವಲ್ಲ' ಎಂಬ ಉತ್ತರ. ಮೂರೂವರೆಯ ಎರಡು ಸೇರಿದರೆ ಏಳಾಗುತ್ತದೆ ಎಂಬ ಗಣಿತಕ್ಕೆ ನನ್ನಲ್ಲಿ ಪ್ರತಿವಾದವಿರಲಿಲ್ಲ. ಈಗ ಅವು ಮಗಳ ಅಳಗುಳಿ ಮಣೆಯಲ್ಲಿವೆ.

ಮೂರನೆಯ ಅನುಮಾನ ವಿದ್ಯುತ್ತಿನದು. ಮುಖ್ಯ ಸಂಪರ್ಕವನ್ನೇ ತೆಗೆದು ಎಲ್ಲವನ್ನೂ 12 ವೋಲ್ಟ್ ಬ್ಯಾಟರಿಯ ಮೇಲೆ ಓಡಿಸಿದೆ. ಆದರೂ ಒಂದು ಗಂಟೆಗೆ ಸರಿಯಾಗಿ ಗೆರೆ ಬಂತು. ಅಲ್ಲಿಗೆ ವಿದ್ಯುತ್ ನಿರಪರಾಧಿ ಎಂದು ತೀರ್ಪು ಬರೆದು ಕಡತ ಮುಚ್ಚಿದೆ. ಇಡೀ ಪ್ರಕರಣದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ. ಏಕೆಂದರೆ ತೋಟದ ಮನೆಯಿಂದ ವೀಕ್ಷಣಾಲಯಕ್ಕೆ ಬರುವ ಲ್ಯಾನ್ ಕೇಬಲ್ ಹಾಗೇ ಇತ್ತು. ಅದೂ ಎಂಥದ್ದು! ದುಡ್ಡು ಹೆಚ್ಚು ಕೊಟ್ಟು ಹಾಕಿಸಿದ, ಲೋಹದ ಹೊದಿಕೆಯುಳ್ಳ, ಎರಡೂ ತುದಿಯಲ್ಲಿ ಅರ್ಥ್‌ಗೆ ಸೇರಿಸಿದ ಕೇಬಲ್. ಒಳ್ಳೆಯ ಸಾಮಾನು ಕೊಂಡದ್ದಕ್ಕೇ ಸಿಕ್ಕ ಶಿಕ್ಷೆ.

ಬೇಸತ್ತು ಒಂದು ಭಾನುವಾರ ದೋಷಗಳ ಲಾಗ್ ಎತ್ತಿಕೊಂಡು ಕುಳಿತೆ. ಹಬ್ ಸಾಯುವ ಮೊದಲು ಸಣ್ಣಪುಟ್ಟ ದೋಷಗಳು ಬರುತ್ತವೆ, ಮರುಪ್ರಯತ್ನದಲ್ಲಿ ಸರಿಹೋಗುತ್ತವೆ. ಅವುಗಳ ಸಮಯ ಮಿಲಿಸೆಕೆಂಡಿನ ಮಟ್ಟಿಗೆ ದಾಖಲಾಗಿರುತ್ತದೆ. ಒಂದರಿಂದ ಇನ್ನೊಂದಕ್ಕೆ ಎಷ್ಟು ಅಂತರವೆಂದು ಕಳೆಯುತ್ತಾ ಹೋದೆ: 2.4 ಸೆಕೆಂಡ್, 6.0, 1.2, 8.4, 3.6. ಕಾಫಿ ಲೋಟ ಕೆಳಗಿಟ್ಟೆ. ಎಲ್ಲವೂ 1.2ರ ಗುಣಕ. ತೇವಕ್ಕೆ ಮಗ್ಗಿ ಬರುವುದಿಲ್ಲ. ಯಾವುದೋ ಯಂತ್ರ 1.2 ಸೆಕೆಂಡಿಗೊಮ್ಮೆ ಬಡಿಯುತ್ತಿದೆ. ದೂರದರ್ಶಕವನ್ನು ತಿರುಗಿಸುವ ಮೌಂಟಿನ ವರ್ಮ್ ಗೇರ್ ಒಂದು ಸುತ್ತು ಬರಲು ಎಂಟು ನಿಮಿಷ ಬೇಕು, ಫ್ಯಾನ್ ಸೆಕೆಂಡಿಗೆ ಹತ್ತಾರು ಸುತ್ತು, ಹೀಟರ್ ನಿಯಂತ್ರಕದ ಲಯವೂ ಬೇರೆ. ನನ್ನ ಪಟ್ಟಿಯಲ್ಲಿ 1.2 ಎಂಬ ಪ್ರಾಣಿಯೇ ಇರಲಿಲ್ಲ.

ಅದೇ ರಾತ್ರಿ ಹಬ್ ಸತ್ತಾಗ ತೋಟದ ಲೆಕ್ಕಪತ್ರ ನೋಡುವ ರೈಟರ್‌ಗೆ ಫೋನ್ ಮಾಡಿದೆ. ಮುಖ್ಯ ಸ್ವಿಚ್ ಆರಿಸಿ ಹಾಕುವ ಕೆಲಸ ಪಾಪ ಅವರದೇ. ಅವರು ಮಾತಾಡುತ್ತಿದ್ದರೆ ಹಿಂದಿನಿಂದ ಜೀರುಂಡೆಗಳ ಸದ್ದು, ಹಳೆಯದೊಂದು ಹಾಡು, ಹಾಡಿನ ಮೇಲೆ ಟಕ್, ಟಕ್, ಟಕ್.

"ರೈಟರೇ, ಅದೇನು ಬಡಿಯುತ್ತಿರುವುದು?"

"ರೇಡಿಯೋ ಸರ್."

"ಹಾಡಿನ ಮೇಲೆ ಟಕ್ ಟಕ್ ಎನ್ನುತ್ತಿದೆಯಲ್ಲ, ಅದು?"

"ಅದು ಬೇಲಿ ಸರ್. ಬೇಲಿ ಹಾಕಿದರೆ ರೇಡಿಯೋ ಹಾಗೇ ಬಡಿಯುತ್ತದೆ. ಇಬ್ಬನಿ ಬಿದ್ದ ಮೇಲೆ ಇನ್ನೂ ಜೋರು."

ಗಡಿಯಾರ ಹಿಡಿದು ಐವತ್ತು ಬಡಿತ ಎಣಿಸಿದೆ. ಅರವತ್ತು ಸೆಕೆಂಡ್.

ಆನೆ ತಡೆಯುವ ಸೋಲಾರ್ ಬೇಲಿ. ಮಾವ ಕಳೆದ ಮಳೆಗಾಲಕ್ಕೆ ಮುನ್ನ ಹಾಕಿಸಿದ್ದು. ರೈಟರ್ ಸಂಜೆ ಹಾಕಿ ಬೆಳಿಗ್ಗೆ ಆರಿಸುತ್ತಾರೆ, ಹಗಲಿನ ಡಾರ್ಕ್ ಚಿತ್ರಗಳು ಶುದ್ಧವಾಗಿದ್ದುದು ಅದಕ್ಕೇ. ಅದರ ಯಂತ್ರ ಸುಮಾರು ಸೆಕೆಂಡಿಗೊಮ್ಮೆ ಹಲವು ಸಾವಿರ ವೋಲ್ಟ್‌ನ ಕ್ಷಣಿಕ ಹೊಡೆತವನ್ನು ತಂತಿಗೆ ಬಿಡುತ್ತದೆ. ನಾನು ತೋಟಕ್ಕೆ ಹೋದಾಗಲೆಲ್ಲ ಕೇಳುತ್ತಿದ್ದುದು ಮಡಿಕೇರಿ ಆಕಾಶವಾಣಿ, ಅದು ಎಫ್‌ಎಂ. ಈ ಬಗೆಯ ಬಡಿತವನ್ನು ಎಫ್‌ಎಂ ಬಹುಮಟ್ಟಿಗೆ ನುಂಗಿಬಿಡುತ್ತದೆ. ರೈಟರ್ ಕೇಳುವುದು ಮೀಡಿಯಂ ವೇವ್, ಅದು ಏನನ್ನೂ ಮುಚ್ಚಿಡುವುದಿಲ್ಲ.

ಶುಕ್ರವಾರ ಸಂಜೆ ಕೆಲಸ ಮುಗಿಸಿ ನೇರ ಸುಂಟಿಕೊಪ್ಪಕ್ಕೆ ಹೊರಟೆ. ನಡುರಾತ್ರಿ ರೈಟರ್ ಪಂಪ್‌ಹೌಸಿನಲ್ಲಿ ಬೇಲಿಯ ಸ್ವಿಚ್ ಹಿಡಿದು ನಿಂತರು, ನಾನು ಲ್ಯಾಪ್‌ಟಾಪಿನ ಮುಂದೆ. ಆರಿಸಿದರೆ ದೋಷ ನಿಲ್ಲುತ್ತದೆ, ಹಾಕಿದರೆ ಐದೇ ಸೆಕೆಂಡಿನಲ್ಲಿ ಶುರು. ಆರನೆಯ ಸಲಕ್ಕೆ ರೈಟರ್, "ಸರ್, ಆನೆಗಳಿಗೂ ಒಂದು ಲೋಡ್‌ಶೆಡ್ಡಿಂಗ್ ವೇಳಾಪಟ್ಟಿ ಕೊಟ್ಟುಬಿಡೋಣವೇ?" ಎಂದರು. ನಿಲ್ಲಿಸಿದೆ.

ಆದರೆ ಗಾಳಿಯಲ್ಲಿ ಬರುವ ರೇಡಿಯೋ ಗದ್ದಲ ಒಂದು ಹಬ್ಬನ್ನೇ ಕೆಡವುವಷ್ಟು ಬಲವಾಗಿರುತ್ತದೆಯೇ? ಬೆಳಿಗ್ಗೆ ಬೇಲಿ ಯಂತ್ರದ ಅರ್ಥ್ ತಂತಿಯನ್ನು ಬೆರಳಿನಿಂದ ಹಿಂಬಾಲಿಸುತ್ತಾ ಹೋದೆ. ಪಂಪ್‌ಹೌಸಿನಿಂದ ಹೊರಬಂದು, ಕಾಫಿ ಗಿಡದ ಬುಡದಲ್ಲಿ ತೆವಳಿ, ಅದು ಹೋಗಿ ಇಳಿದದ್ದು ನನ್ನ ವೀಕ್ಷಣಾಲಯದ ಅರ್ಥಿಂಗ್ ಗುಂಡಿಗೆ. ಉಪ್ಪು, ಇದ್ದಿಲು ಹಾಕಿ ನಾನು ಮಗುವಿನಂತೆ ಸಾಕಿದ ಗುಂಡಿ. 'ಇಷ್ಟು ಒಳ್ಳೆಯ ಗುಂಡಿ ಇರುವಾಗ ಇನ್ನೊಂದು ಏಕೆ' ಎಂದು ಬೇಲಿ ಹಾಕಿದ ಎಲೆಕ್ಟ್ರಿಷಿಯನ್ ಉಳಿತಾಯ ಮಾಡಿದ್ದರು. ಆ ದಿನ ನಾನೂ ಅಲ್ಲೇ ಇದ್ದೆ. ಭೇಷ್ ಎಂದು ಊಟ ಹಾಕಿಸಿ ಕಳುಹಿಸಿದ್ದೆ.

ಈಗ ಎಲ್ಲ ಒಂದೊಂದಾಗಿ ಕೂಡಿಕೊಂಡಿತು. ಬೇಲಿಯ ತಂತಿಗೆ ಲಂಟಾನ ತಾಗಿದೆ. ಒಣಗಿದ್ದಾಗ ಅದರ ಮೂಲಕ ಹರಿಯುವುದು ಅಷ್ಟಕ್ಕಷ್ಟೇ. ಇಬ್ಬನಿಗೆ ತೊಯ್ದರೆ ಪ್ರತಿ ಹೊಡೆತವೂ ಸೊಪ್ಪಿನ ಮೂಲಕ ನೆಲಕ್ಕೆ ಸೋರುತ್ತದೆ. ಸೋರಿದ್ದು ಯಂತ್ರಕ್ಕೆ ಹಿಂತಿರುಗಬೇಕಾದ ದಾರಿ ನನ್ನ ಗುಂಡಿ. ನವೆಂಬರ್‌ನಲ್ಲಿ ಮಣ್ಣು ಹಸಿಯಾಗಿದ್ದಾಗ ಗುಂಡಿ ಅದನ್ನು ಸದ್ದಿಲ್ಲದೆ ನುಂಗುತ್ತಿತ್ತು. ಫೆಬ್ರುವರಿಯಲ್ಲಿ ಮಣ್ಣು ಒಣಗಿ, ಗುಂಡಿಯ ರೋಧ ಏರಿ, ಪ್ರತಿ 1.2 ಸೆಕೆಂಡಿಗೆ ನನ್ನ ಕಂಬ, ಮೌಂಟ್, ಕ್ಯಾಮೆರಾ ಎಲ್ಲವೂ ಒಟ್ಟಿಗೆ ಮೇಲಕ್ಕೆ ಹಾರುತ್ತಿದ್ದವು. ಎಲ್ಲವೂ ಒಟ್ಟಿಗೆ ಹಾರಿದರೆ ತೊಂದರೆಯಿಲ್ಲ. ಆದರೆ ಲ್ಯಾನ್ ಕೇಬಲಿನ ಹೊದಿಕೆಯ ಇನ್ನೊಂದು ತುದಿ ತೋಟದ ಮನೆಯ ಅರ್ಥ್‌ಗೆ ಕಟ್ಟಿಕೊಂಡಿದೆ, ಅದು ಹಾರುವುದಿಲ್ಲ. ಆ ವ್ಯತ್ಯಾಸವೆಲ್ಲ ಕಂಪ್ಯೂಟರ್ ಮತ್ತು ಯುಎಸ್‌ಬಿ ಹೊದಿಕೆಗಳ ಮೂಲಕ ದಾರಿ ಹುಡುಕಿಕೊಂಡಿತ್ತು. ಬ್ಯಾಟರಿ ಹಾಕಿದರೂ ಬದಲಾಗದ್ದು ಅದಕ್ಕೇ.

ವಿದ್ಯುತ್ತಿನ ಏರಿಳಿತ ತೋರಿಸುವ ಆಸಿಲೋಸ್ಕೋಪ್ ಇಲ್ಲದ ಕಾರಣ, ಹಾಳಾದ ಸ್ಪೈಕ್ ಬಸ್ಟರ್‌ನಿಂದ ಕಿತ್ತ ನಿಯಾನ್ ದೀಪವನ್ನು ಅದರ ರೆಸಿಸ್ಟರ್ ಸಮೇತ, ಬಿಚ್ಚಿದ ಲ್ಯಾನ್ ಹೊದಿಕೆಗೂ ಕಂಬಕ್ಕೂ ನಡುವೆ ಸಿಕ್ಕಿಸಿದೆ. ರಾತ್ರಿ ಒಂದು ಗಂಟೆಗೆ ಅದು ಮಿಣುಕ್, ಮಿಣುಕ್ ಎಂದಿತು. ನಿಯಾನ್ ಹೊತ್ತಿಕೊಳ್ಳಲು ಎಪ್ಪತ್ತು–ಎಂಬತ್ತು ವೋಲ್ಟ್ ಆದರೂ ಬೇಕು. ಗುಂಡಿಗೆ ಎರಡು ಕೊಡ ನೀರು ಸುರಿಸಿದೆ, ಮಿಣುಕು ಮಂಕಾಗಿ ನಿಂತೇಹೋಯಿತು. ಮೂರು ವಾರ ಅಷ್ಟೆಲ್ಲ ಉಪಕರಣ ಕಟ್ಟಿಕೊಂಡು ಸಿಗದ ಉತ್ತರವನ್ನು ಹತ್ತು ರೂಪಾಯಿಯ ದೀಪ ಕೊಟ್ಟಿತು.

ರೈಟರ್ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. "ಈ ಕಂಬ ಕಚ್ಚುತ್ತದೆ ಎಂದು ಶಿವರಾತ್ರಿಗೆ ಮೊದಲೇ ಹೇಳಿದ್ದೆನಲ್ಲ ಸರ್." ಹೇಳಿದ್ದರು. ಇರುವೆ ಇರಬೇಕು ಎಂದಿದ್ದೆ.

ಪರಿಹಾರದಲ್ಲಿ ಸ್ವಾರಸ್ಯವೇನಿಲ್ಲ. ಬೇಲಿಯ ಅರ್ಥ್ ಅನ್ನು ನನ್ನ ಗುಂಡಿಯಿಂದ ಕತ್ತರಿಸಿ, ನಲವತ್ತು ಮೀಟರ್ ಆಚೆ, ವರ್ಷವಿಡೀ ಹಸಿಯಾಗಿರುವ ತೋಡಿನ ದಡದಲ್ಲಿ ಮೂರು ಸರಳುಗಳನ್ನು ಹೊಡೆಸಿದೆವು. ಬೇಲಿಯುದ್ದಕ್ಕೂ ಲಂಟಾನ ಕೊಚ್ಚಿಸಿದೆವು. ಬಿರುಕು ಬಿಟ್ಟ ಎರಡು ಇನ್ಸುಲೇಟರ್‌ಗಳೂ ಸಿಕ್ಕವು. ಲ್ಯಾನ್ ಕೇಬಲನ್ನು ಎಳೆದು ಬಿಸಾಡಿ ಫೈಬರ್ ಹಾಕಿದೆ, ಎರಡು ತುದಿಗೆ ಎರಡು ಸಂಕೇತ ಪರಿವರ್ತಕ. ಗಾಜಿನ ಎಳೆಗೆ ಅರ್ಥ್ ಗೊತ್ತಿಲ್ಲ, ಗುಡುಗಿನ ಕಾಲದಲ್ಲಿ ಮನೆಯ ಕಡೆಯಿಂದ ಏರಿ ಬರುವ ಹೊಡೆತವೂ ಆ ದಾರಿಯಲ್ಲಿ ಬರಲಾರದು. ಇದನ್ನು ಮೊದಲ ದಿನವೇ ಮಾಡಬೇಕಿತ್ತು ಎಂದು ನನಗೆ ಹೇಳಬೇಡಿ, ನಿಮ್ಮಲ್ಲಿ ನಾಲ್ವರು ಆಗಲೇ ಹೇಳಿದ್ದೀರಿ. ಮಾವನಿಗೂ ಲಾಭವಾಯಿತು: ಬೇಲಿಯ ಹೊಡೆತ ಈಗ ಮೊದಲಿಗಿಂತ ಚುರುಕಾಗಿದೆ. ಅಷ್ಟು ದಿನ ಅದು ಆನೆಗಿಂತ ಹೆಚ್ಚಾಗಿ ನನ್ನ ಕ್ಯಾಮೆರಾವನ್ನೇ ಹೆದರಿಸುತ್ತಿತ್ತು.

ಗುಡುಗಿನ ಮಾತು ಬಂದದ್ದರಿಂದ ಮುಂದಿನ ಹುಚ್ಚನ್ನೂ ಹೇಳಿಬಿಡುತ್ತೇನೆ. ರೈಟರ್ ರೇಡಿಯೋ ಮಿಂಚಿಗೂ ಕರಕರ ಎನ್ನುತ್ತದೆ. ಎಎಸ್3935 ಎಂಬ ಪುಟ್ಟ ಚಿಪ್ ಮಾಡುವುದೂ ಅದನ್ನೇ. 500 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕಿವಿಗೊಟ್ಟು, 40 ಕಿಲೋಮೀಟರ್‌ವರೆಗಿನ ಮಿಂಚಿನ ದೂರವನ್ನು ಅಂದಾಜಿಸುತ್ತದೆ. ಏಪ್ರಿಲ್ ಮಳೆ ಮಡಿಕೇರಿ ಬೆಟ್ಟ ಇಳಿಯುವ ಮೊದಲೇ ಛಾವಣಿ ತಾನಾಗಿ ಮುಚ್ಚಿಕೊಳ್ಳುವಂತೆ ಮಾಡಬೇಕು. ತೊಡಕೆಂದರೆ ಬೇಲಿಯ ಪ್ರತಿ ಬಡಿತವನ್ನೂ ಆ ಚಿಪ್ ಮಿಂಚೆಂದು ನಂಬಿಬಿಡಬಹುದು. 1.2 ಸೆಕೆಂಡಿನ ಲಯದ ಮಿಂಚನ್ನೆಲ್ಲ ತಳ್ಳಿಹಾಕು ಎಂದು ಬರೆಯಬೇಕಾದೀತು. ಹಾಗೇ, 1866 ಮತ್ತು 1946ರಲ್ಲಿ ಸ್ಫೋಟಿಸಿದ ಟಿ ಕರೋನೆ ಬೋರಿಯಾಲಿಸ್ ಎಂಬ ನಕ್ಷತ್ರಕ್ಕೆ ಪ್ರತಿ ರಾತ್ರಿ ಬೆಳಗಿನ ಜಾವ ಐದು ನಿಮಿಷ ಮೀಸಲಿಡುವ ಆಸೆಯೂ ಇದೆ. ನಾನು ನಿದ್ದೆಯಲ್ಲಿರುವಾಗ ಅದು ಹೊಳೆದರೂ ಲೆಕ್ಕಕ್ಕೆ ಸಿಗಬೇಕು.

ಮೂರು ರಾತ್ರಿಗಳಿಂದ ಒಂದು ದೋಷವೂ ಇಲ್ಲ. ನಿನ್ನೆ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ದಕ್ಷಿಣದಲ್ಲಿ ಮೂವತ್ತು ಡಿಗ್ರಿ ಎತ್ತರಕ್ಕೆ ಬಂದಾಗ ಹೊರಗೆ ಎಲೆಯಿಂದ ಎಲೆಗೆ ಇಬ್ಬನಿ ತೊಟ್ಟಿಕ್ಕುತ್ತಿತ್ತು. 90 ಸೆಕೆಂಡಿನ 112 ಚಿತ್ರಗಳು ಬಂದವು, ಉಪಗ್ರಹಗಳು ಗೀಚಿದ ನಾಲ್ಕನ್ನು ಎಸೆದೆ. ಬೆಳಿಗ್ಗೆ ಎದ್ದು ಒಳಗಿನ ಕ್ಯಾಮೆರಾದಲ್ಲಿ ನೋಡಿದರೆ ಛಾವಣಿ ತೆರೆದಿದೆ, ದೂರದರ್ಶಕಕ್ಕೆ ಟಾರ್ಪಾಲಿನ್ ಹೊದಿಸಿದೆ, ಸುತ್ತ ನೆಲದ ಮೇಲೆಲ್ಲ ಮಾವನ ಕರಿಮೆಣಸು. ಸರಿಯುವ ಛಾವಣಿಯ ಕೋಣೆ ಮೆಣಸು ಒಣಗಿಸಲು ಕಣಕ್ಕಿಂತ ಮೇಲಂತೆ. ಸಂಜೆ ಐದಕ್ಕೆ ಮೊದಲು ಗುಡಿಸಿ ತೆಗೆಯಬೇಕೆಂದು ರೈಟರ್‌ಗೆ ಫೋನ್ ಮಾಡಿ ಹೇಳಿದ್ದೇನೆ.