ಹೆಸರು ಅಳ್ಳೆಯದು, ಕೊಯ್ಯುವುದು ನಡು ಹೊಟ್ಟೆ

ಶಿರಸಿ, ಕುಮಟಾ ಕಡೆ ಯಾರ ಮನೆಗೆ ಹೋದರೂ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗಿಬಂದ ಆಸ್ಪತ್ರೆ ಕಾಗದಗಳ ಫೈಲ್ ಒಂದು ಇದ್ದೇ ಇರುತ್ತದೆ. ಅದರಲ್ಲಿ 'ಎಕ್ಸ್‌ಪ್ಲೊರೇಟರಿ ಲ್ಯಾಪರಾಟಮಿ' ಅಂತ ಕಂಡರೆ ಎಷ್ಟೋ ಜನ ಅದನ್ನು ರೋಗದ ಹೆಸರು ಅಂದುಕೊಂಡು ಹೆದರುತ್ತಾರೆ. ರೋಗ ಅಲ್ಲ ಮಾರಾಯ್ರೇ. ಒಳಗೆ ಏನಾಗಿದೆ ನೋಡಲು ಹೊಟ್ಟೆ ತೆರೆದರು, ಅಷ್ಟೇ. ಈಗ ಸ್ಕ್ಯಾನ್ ಬಂದು ಸುಮ್ನೆ ತೆರೆದು ನೋಡುವುದು ಕಡಿಮೆಯಾಗಿದೆ. ಆದರೆ ಹೈವೇಯಲ್ಲಿ ಬೈಕಿಂದ ಬಿದ್ದು ಹೊಟ್ಟೆಯೊಳಗೆ ಜೋರಾಗಿ ರಕ್ತ ಸೋರುತ್ತಿದ್ದರೆ ಇವತ್ತಿಗೂ ಇದೇ ದಾರಿ.

ಲ್ಯಾಪರಾಟಮಿ ಅನ್ನುವ ಪದ ಗ್ರೀಕಿನದು. 'ಟೊಮೆ' ಅಂದರೆ ಕೊಯ್ತ. 'ಲಪಾರಾ' ಅಂದರೆ ಹೊಟ್ಟೆ ಅಂತ ಕೆಲವರು ಬರೆಯುತ್ತಾರೆ, ಅದು ಪೂರ್ತಿ ಸರಿಯಲ್ಲ. ಪಕ್ಕೆಲುಬಿಗೂ ಸೊಂಟಕ್ಕೂ ನಡುವೆ ಎಲುಬಿಲ್ಲದ ಮೆತ್ತನೆ ಜಾಗ ಇದೆಯಲ್ಲ, ಅದು. 'ಲಪರೋಸ್' ಅಂದರೇ ಮೆತ್ತಗಿನದು. ನಮ್ಮ ಅಳ್ಳೆ!

ಮನುಷ್ಯರಿಗೆ ಈಗ ಹೆಚ್ಚಾಗಿ ಕೊಯ್ಯುವುದು ನಟ್ಟನಡುವೆ, ಮೇಲಿಂದ ಕೆಳಕ್ಕೆ, ಹೊಕ್ಕುಳ ಬದಿಯಿಂದ ಸುತ್ತಿಕೊಂಡು. ಎರಡೂ ಬದಿಯ ಸ್ನಾಯು ಸೇರುವ ಬಿಳಿ ಪಟ್ಟಿ, ಲಿನಿಯಾ ಆಲ್ಬಾ, ಅಲ್ಲಿದೆ. ಅದರಲ್ಲಿ ರಕ್ತನಾಳ ಕಡಿಮೆ, ಬೇಗ ಒಳಗೆ ಹೋಗಬಹುದು. ಹೆಸರು ಅಳ್ಳೆಯದು, ಕೊಯ್ತ ಹೊಟ್ಟೆಯದು ಅಂತಲೇ 19ನೇ ಶತಮಾನದ ಕೊನೆಗೆ ಕೆಲವು ಡಾಕ್ಟರುಗಳು ಲ್ಯಾಪರಾಟಮಿ ಬೇಡ, ಸೀಲಿಯಾಟಮಿ ಅನ್ನಿ ಅಂತ ವಾದಿಸಿದರು. 'ಕೊಯಿಲಿಯಾ' ಅಂದರೆ ಹೊಟ್ಟೆ. ನನಗೆ ಅವರ ಮಾತೇ ಸರಿ ಅನ್ನಿಸುತ್ತದೆ, ಆದರೆ ಕೇಳುವವರು ಯಾರು? ಹೊಕ್ಕುಳ ಹತ್ತಿರ ತೂತು ಮಾಡಿ ಕ್ಯಾಮೆರಾ ಬಿಡುವುದಕ್ಕೂ ಲ್ಯಾಪರೋಸ್ಕೋಪಿ ಅಂತಲೇ ಹೆಸರಾಯಿತು.

ಬದಿಗೆ ಕೊಯ್ದವರೂ ಇದ್ದಾರೆ. 1809ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಎಫ್ರೇಮ್ ಮೆಕ್‌ಡೊವೆಲ್ ಎಂಬ ಡಾಕ್ಟರು ಜೇನ್ ಟಾಡ್ ಕ್ರಾಫರ್ಡ್ ಅವರ ಹೊಟ್ಟೆಯ ಎಡಬದಿಯಲ್ಲಿ ಕೊಯ್ದು ಸುಮಾರು 10 ಕೆಜಿಯ ಅಂಡಾಶಯದ ಗಡ್ಡೆ ತೆಗೆದರು. ಅರಿವಳಿಕೆ ಇಲ್ಲ! ಆಪರೇಷನ್‌ಗೆ ಈಥರ್ ಬಳಕೆಗೆ ಬಂದದ್ದೇ 1840ರ ದಶಕದಲ್ಲಿ. ಆ ಹೆಂಗಸು ಆಮೇಲೆ 30 ವರ್ಷಕ್ಕಿಂತ ಜಾಸ್ತಿ ಬದುಕಿದರು.

ಹೆಸರಿಗೆ ತಕ್ಕ ಲ್ಯಾಪರಾಟಮಿ ನಡೆಯುವುದು ಮಾತ್ರ ನಮ್ಮ ಕೊಟ್ಟಿಗೆಗಳಲ್ಲಿ. ದನ ತಂತಿ, ಪ್ಲಾಸ್ಟಿಕ್ ತಿಂದು ಮೇವು ಬಿಟ್ಟಾಗ ಪಶುವೈದ್ಯರು ಎಡ ಅಳ್ಳೆಯಲ್ಲೇ ಕೊಯ್ಯುತ್ತಾರೆ, ಯಾಕೆಂದರೆ ಅದರ ದೊಡ್ಡ ಹೊಟ್ಟೆ ಇರುವುದೇ ಆ ಕಡೆ. ಮರಗಟ್ಟುವ ಇಂಜೆಕ್ಷನ್ ಕೂಡ ಅಳ್ಳೆಯ ಭಾಗಕ್ಕೆ ಮಾತ್ರ, ಹಾಗಾಗಿ ಎಷ್ಟೋ ಸಲ ಹೊಲಿಗೆ ಮುಗಿಯುವವರೆಗೂ ದನ ನಿಂತೇ ಇರುತ್ತದೆ.