ಪೆರ್ಲದ ದಾರಿಯಲ್ಲಿ ಒಬ್ಬ ಯೋಧನ ಮನೆಗೆ

ಕಾಸರಗೋಡಿನಿಂದ ಚೆರ್ಕಳ, ಬದಿಯಡ್ಕ ದಾಟಿ ಪೆರ್ಲಕ್ಕೆ ಹೋಗುವ ಬಸ್ಸು ಹತ್ತಿದೆವು. ನವೆಂಬರ್ ತಿಂಗಳು, ಮಳೆ ಬಿಟ್ಟಿತ್ತು. ಬದಿಯಡ್ಕ ಕಳೆದ ಮೇಲೆ ಎರಡೂ ಬದಿ ಅಡಿಕೆ ತೋಟ, ನಡುನಡುವೆ ರಬ್ಬರ್. ಬಸ್ಸಿನೊಳಗೆ ತುಳು, ಕನ್ನಡ, ಮಲಯಾಳ ಎಲ್ಲ ಒಟ್ಟಿಗೇ ಕೇಳುತ್ತಿತ್ತು. ಜೊತೆಗಿದ್ದವರು ನಿವೃತ್ತ ಸುಬೇದಾರರು. ಅವರ ಪ್ಲಟೂನಿನ ಹುಡುಗನೊಬ್ಬ ಕಾಶ್ಮೀರದಲ್ಲಿ ಉಗ್ರರ ಗುಂಡಿಗೆ ತೀರಿಕೊಂಡಿದ್ದ. ನಾವು ಹೊರಟದ್ದು ಅವನ ಮನೆಗೆ. ಹೆಸರು ಬರೆಯಬೇಡಿ ಎಂದು ಅವನ ಹೆಂಡತಿ ಕೇಳಿಕೊಂಡಿದ್ದಾರೆ.

ಪೇಟೆಯಿಂದ ಆಟೋ ಹಿಡಿದು ಮೊದಲು ಅವನು ಓದಿದ ಕನ್ನಡ ಶಾಲೆಗೆ ಹೋದೆವು. ಗೇಟಿನ ಪಕ್ಕ ಕಪ್ಪು ಕಲ್ಲಿನಲ್ಲಿ ಅವನ ಹೆಸರು, ರೆಜಿಮೆಂಟ್, ಸತ್ತ ದಿನ. ಸುಬೇದಾರರು ಹೂ ಇಟ್ಟು, ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ದೆಹಲಿಯಲ್ಲಿ 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ ಗ್ರಾನೈಟ್ ಗೋಡೆಯಲ್ಲೂ ಅವನ ಹೆಸರಿದೆ. ಮನೆಯವರಿಗೆ ಅಷ್ಟು ದೂರ ಹೋಗಲು ಇನ್ನೂ ಆಗಿಲ್ಲ.

ಮನೆಯಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಅವನ ಹೆಂಡತಿಯನ್ನು ನಾವು ಅಕ್ಕ ಎಂದೇ ಕರೆಯುವುದು. ಅಕ್ಕ ಬೆಲ್ಲ, ನೀರು ತಂದಿಟ್ಟರು. ಒಳಗೆ ಅವರ ಅತ್ತೆ ಮಲಗಿದ್ದರು. ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಾಳೆ. ಸ್ವಲ್ಪ ಹೊತ್ತು ಮಳೆ, ಅಡಿಕೆ ರೇಟಿನ ಮಾತು. ಆಮೇಲೆ ಅಕ್ಕ ಒಂದು ಹಳೆಯ ಫೈಲು ತಂದು ಸುಬೇದಾರರ ಮುಂದಿಟ್ಟರು.

ಆ ಫೈಲಿನ ಕತೆ ದೊಡ್ಡದು. ಕಾಳಗದಲ್ಲಿ ಸತ್ತ ಸೈನಿಕನ ಹೆಂಡತಿಗೆ ಅವನ ಕೊನೆಯ ಸಂಬಳದಷ್ಟೇ ಪಿಂಚಣಿ ಸಿಗುತ್ತದೆ. ಕಾಳಗವಲ್ಲದೆ ಡ್ಯೂಟಿಗೆ ಸಂಬಂಧಿಸಿದ ಬೇರೆ ಕಾರಣಕ್ಕೆ ಸತ್ತರೆ ಅದರ ನೂರಕ್ಕೆ 60. ಮೊದಲು ಬಂದ ಕಾಗದದಲ್ಲಿ ಇವರನ್ನು ಎರಡನೇ ಗುಂಪಿಗೆ ಸೇರಿಸಿದ್ದರು. ಕಾಗದ ಇದ್ದದ್ದು ಇಂಗ್ಲಿಷಿನಲ್ಲಿ, ಕೇಳಲು ಹೋದ ಕಚೇರಿಯ ಅರ್ಜಿಗಳು ಮಲಯಾಳದಲ್ಲಿ. ಅಕ್ಕನಿಗೆ ಓದಲು ಬರುವುದು ಕನ್ನಡ ಮಾತ್ರ. ಬಂದಷ್ಟೇ ಹಣ ಎಂದು ಸುಮ್ಮನಿದ್ದರು, ಬೀಡಿ ಕಟ್ಟಿ ಮಗಳನ್ನು ಸಾಕಿದರು. ಸುಬೇದಾರರು ಒಮ್ಮೆ ಮಾತಾಡಿಸಲು ಬಂದವರು ಈ ಕಾಗದ ನೋಡಿ ಗಾಬರಿಯಾದರು. ಅಂದಿನ ಗುಂಡಿನ ಚಕಮಕಿಯ ದಾಖಲೆ ತರಿಸಿ, ಪತ್ರದ ಮೇಲೆ ಪತ್ರ ಬರೆದು, ಕೊನೆಗೂ ಸರಿಮಾಡಿಸಿದರು. ಹೆಣ ಬಂದ ದಿನ ಊರೆಲ್ಲ ಸೇರಿತ್ತಂತೆ. ಆ ಜನರಲ್ಲಿ ಒಬ್ಬರು ಆಮೇಲೆ ಬಂದು ಕಾಗದ ಓದಿ ಹೇಳಿದ್ದರೆ ಸಾಕಿತ್ತು, ಅಲ್ವಾ?

ಈ ಸಲದ ಕೆಲಸ ಚಿಕ್ಕದು. ಪಿಂಚಣಿ ನಿಲ್ಲದಿರಲು ವರ್ಷಕ್ಕೊಮ್ಮೆ ಜೀವಂತ ಇದ್ದೇನೆ ಎಂಬ ಪ್ರಮಾಣಪತ್ರ ಕೊಡಬೇಕು. “ಅಣ್ಣ, ನನ್ನ ಬೆರಳು ಮೆಷಿನಿಗೆ ಹಿಡಿಯುವುದೇ ಇಲ್ಲ” ಎಂದರು ಅಕ್ಕ. ಬೀಡಿ ಕಟ್ಟಿ ಬೆರಳ ಗೆರೆಗಳು ಸವೆದಿವೆ. ಮುಖ ತೋರಿಸಿಯೂ ಫೋನಿನಲ್ಲೇ ಮಾಡಬಹುದು. ಸಿಗ್ನಲ್ ಸಿಗಲು ಗುಡ್ಡದ ಮೇಲಕ್ಕೆ ಹೋದೆವು. ಎರಡು ಸಲ ಕೈಕೊಟ್ಟಿತು, ಆಮೇಲೆ ಆಯಿತು.

ಇಳಿದು ಬರುವಾಗ ಪಕ್ಕದ ಮನೆಯ ಹುಡುಗ ಸಿಕ್ಕಿದ. ಅಗ್ನಿವೀರನಾಗಲು, ಅಂದರೆ ನಾಲ್ಕು ವರ್ಷದ ಮಟ್ಟಿಗೆ ಸೇನೆ ಸೇರಲು, ದಿನವೂ ಓಡುತ್ತಾನಂತೆ. 2022ರಲ್ಲಿ ಶುರುವಾದ ಈ ಯೋಜನೆಯಲ್ಲಿ ಕರ್ತವ್ಯದಲ್ಲಿ ಸತ್ತವರ ಮನೆಗೆ 48 ಲಕ್ಷ ವಿಮೆ, 44 ಲಕ್ಷ ಪರಿಹಾರ ಇದೆ. ಜೀವನಪೂರ್ತಿ ಬರುವ ಕುಟುಂಬ ಪಿಂಚಣಿ ಇಲ್ಲ. “ಒಟ್ಟಿಗೆ ಬಂದದ್ದು ಹೇಗೋ ಖರ್ಚಾಗಿಬಿಡುತ್ತದೆ ಮಗಾ. ನನ್ನನ್ನು ನಿಲ್ಲಿಸಿದ್ದು ತಿಂಗಳು ತಿಂಗಳು ಬರುವುದು” ಎಂದರು ಅಕ್ಕ. ಗುಂಡಿನ ಎದುರು ನಿಲ್ಲುವ ಇಬ್ಬರ ಮನೆಗಳಿಗೆ ಎರಡು ಲೆಕ್ಕ ಇರುವುದು ನನಗಂತೂ ಒಪ್ಪಿಗೆಯಾಗುವುದಿಲ್ಲ.

ಮರಳುವಾಗ ಮತ್ತೆ ಶಾಲೆಗೆ ಹೋಗಿ ಹೆಡ್‌ಮಾಸ್ಟರನ್ನು ಕಂಡೆವು. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ, 1949ರಿಂದ ನಡೆದು ಬಂದದ್ದು. ಅಂದು ಸೇರಿಸುವ ಹಣ ಇಂಥ ಮನೆಗಳಿಗೆ ಮತ್ತು ಮಾಜಿ ಸೈನಿಕರಿಗೇ ಹೋಗುತ್ತದೆ. ಆ ದಿನ ಮಕ್ಕಳ ಮುಂದೆ ಮಾತಾಡಲು ಅಕ್ಕನನ್ನೇ ಕರೆಯಿರಿ ಎಂದೆವು. ಅವರು ಕೂಡಲೇ ಒಪ್ಪಿದರು. ಅಕ್ಕ ಮಾತ್ರ “ನೋಡುವಾ” ಎಂದಿದ್ದಾರೆ.