‘ದಿನಕ್ಕೆ ಎಷ್ಟು ಗಂಟೆ ಓದುತ್ತಿದ್ದೆ?’ ಎಂದು ಕೇಳುವವರಿಗೆ

ಈ ಪ್ರಶ್ನೆಗೆ ಇನ್ನು ಮುಂದೆ ನಾನು ಬಾಯಿಂದ ಉತ್ತರ ಹೇಳುವುದಿಲ್ಲ. ಕೇಳಿದವರಿಗೆ ಇದನ್ನು ಕಳಿಸುತ್ತೇನೆ. ಓದಿದರೆ ಓದಲಿ, ಬಿಟ್ಟರೆ ಬಿಡಲಿ.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಷಯದಲ್ಲಿ ಗೇಟ್ ಪರೀಕ್ಷೆಯನ್ನು 2022ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಬರೆದವಳು. ಗೇಟ್ ಎಂದರೆ ಎಂ.ಟೆಕ್. ಪ್ರವೇಶಕ್ಕಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಏಳು ಐಐಟಿಗಳು ಸರದಿಯಂತೆ ನಡೆಸುವ ಪರೀಕ್ಷೆ: ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಮೊದಲ ಸಲ ನಾನು ಅರ್ಹತೆ ಪಡೆದೆ, ಬೇಕಾದ ಕಡೆ ಸೀಟು ಸಿಗಲಿಲ್ಲ. ಎರಡನೇ ಸಲ ಸಿಕ್ಕಿತು. ಇಷ್ಟೇ ಕಥೆ. ಆದರೆ ಬಂಧುಗಳ ಬಾಯಲ್ಲಿ ಇದು ‘ಮೊದಲ ಸಲ ಫೇಲ್ ಆಗಿ, ಆಮೇಲೆ ಹಗಲೂ ರಾತ್ರಿ ಓದಿ ಪಾಸಾದಳಂತೆ’ ಎಂದಾಗಿದೆ. ಈ ವಾಕ್ಯದಲ್ಲಿ ಎರಡು ಸುಳ್ಳುಗಳಿವೆ. ಮೊದಲನೆಯದನ್ನು ನಾನು ಕ್ಷಮಿಸಿದ್ದೇನೆ.

ಎರಡನೆಯದು ತಿಪಟೂರಿನ ಒಂದು ಕಲ್ಯಾಣ ಮಂಟಪದಲ್ಲಿ ನನ್ನ ಊಟವನ್ನು ಕೆಡಿಸಿತು. ಪಂಕ್ತಿಯಲ್ಲಿ ನನ್ನ ಎಡಕ್ಕೆ ಕುಳಿತಿದ್ದವರು ದೂರದ ಸಂಬಂಧದ ದೊಡ್ಡಪ್ಪ. ಎಲೆಗೆ ಕೋಸಂಬರಿ ಬಿದ್ದಿತ್ತು, ಅನ್ನ ಇನ್ನೂ ಬಂದಿರಲಿಲ್ಲ. ಅವರು ನನ್ನ ಕಡೆ ಬಾಗಿ, ‘ಏನಮ್ಮಾ, ಎರಡನೇ ಸಲಕ್ಕೆ ಹೊಡೆದೆಯಂತಲ್ಲ. ದಿನಕ್ಕೆ ಎಷ್ಟು ಗಂಟೆ ಓದ್ತಿದ್ದೆ?’ ಎಂದರು. ‘ಎರಡು ಗಂಟೆ, ದೊಡ್ಡಪ್ಪ’ ಎಂದೆ. ಅವರು ನಕ್ಕರು. ನಾನು ನಗಲಿಲ್ಲ. ಆಗ ಅವರು ಎದುರು ಸಾಲಿನಲ್ಲಿದ್ದ ತಮ್ಮ ಮೊಮ್ಮಗನ ಕಡೆ ತಿರುಗಿ, ‘ನೋಡೋ, ಹೇಳಲ್ಲ. ಗುಟ್ಟು ಬಿಟ್ಟುಕೊಡೋ ಜನವೇ ಅಲ್ಲ ಇವರು’ ಎಂದು, ಸಾರು ಬಡಿಸುವವನಿಗೂ ಕೇಳಿಸುವಂತೆ ಹೇಳಿದರು. ಹೋಳಿಗೆ ಬಂದು ಹೋದದ್ದು ನನಗೆ ತಿಳಿಯಲಿಲ್ಲ. ಇವತ್ತಿಗೂ ಅದೊಂದು ಕೊರಗು.

ಲೆಕ್ಕ ಬೇಕು ಎನ್ನುವವರಿಗೆ ಲೆಕ್ಕ ಇಲ್ಲಿದೆ. ಮೊದಲ ಸಲ, ಬಿ.ಇ. ಮುಗಿಸಿ ಮನೆಯಲ್ಲಿ ಕುಳಿತು, ದಿನಕ್ಕೆ ಹತ್ತು ಗಂಟೆ ಓದಿದೆ, ಬಂದದ್ದು 39.67 ಅಂಕ. ಎರಡನೇ ಸಲ, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಯಂತ್ರದಲ್ಲಿ ಬಿಡಿಭಾಗಗಳನ್ನು ಅಲುಗದಂತೆ ಹಿಡಿದಿಡುವ ಜಿಗ್ ಮತ್ತು ಫಿಕ್ಸ್ಚರ್‌ಗಳ ವಿನ್ಯಾಸದ ಕೆಲಸ ಮಾಡುತ್ತ, ಬೆಳಗ್ಗೆ ಐದರಿಂದ ಏಳರವರೆಗೆ ಎರಡು ಗಂಟೆ ಮತ್ತು ಭಾನುವಾರ ಇಡೀ ದಿನ ಓದಿದೆ, ಬಂದದ್ದು 61.33. ಹಾಗಾದರೆ ಕಡಿಮೆ ಓದಿದರೆ ಹೆಚ್ಚು ಅಂಕ ಬರುತ್ತದೆಯೇ ಎಂದು ಕೇಳಬೇಡಿ. ಹಾಗೆ ಕೇಳಿದವರೂ ಇದ್ದಾರೆ. ಗಂಟೆ ಎಂಬುದು ಎಣಿಸಲು ಸುಲಭವಾಗಿರುವುದರಿಂದ ಎಲ್ಲರೂ ಅದನ್ನೇ ಎಣಿಸುತ್ತಾರೆ, ಅಷ್ಟೇ. ಒಲೆ ಎಷ್ಟು ಹೊತ್ತು ಉರಿಯಿತು ಎಂದು ಕೇಳಿ, ಪಾತ್ರೆಯಲ್ಲಿ ಅಕ್ಕಿ ಇತ್ತೇ ಎಂದು ಕೇಳದಿರುವ ಹಾಗೆ.

ನನ್ನ ಮೊದಲ ವರ್ಷದ ಪಾತ್ರೆಯಲ್ಲಿ ಬಹುಪಾಲು ನೀರೇ ಇತ್ತು. ಆ ಹತ್ತು ಗಂಟೆಗಳಲ್ಲಿ ನಾನು ಮಾಡುತ್ತಿದ್ದದ್ದು ಓದಿದ್ದನ್ನೇ ಮತ್ತೆ ಓದುವುದು. ಥರ್ಮೋಡೈನಮಿಕ್ಸ್ ಪುಸ್ತಕದ ಪುಟಗಳು ಅರಿಶಿನದಲ್ಲಿ ಅದ್ದಿ ತೆಗೆದಂತೆ ಹಳದಿ ಬಣ್ಣದ ಹೈಲೈಟರ್‌ನಿಂದ ತುಂಬಿದ್ದವು. ಮೂರನೇ ಸಲ ಓದುವಾಗ ಎಲ್ಲವೂ ಪರಿಚಿತವಾಗಿ ಕಾಣುತ್ತಿತ್ತು, ಪರಿಚಿತವಾಗಿ ಕಂಡದ್ದನ್ನು ನಾನು ಬಲ್ಲೆ ಎಂದುಕೊಳ್ಳುತ್ತಿದ್ದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಒಂದು ಪ್ರಯೋಗ ಇದನ್ನೇ ತೋರಿಸುತ್ತದೆ. ಒಂದು ಪಾಠವನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ನನ್ನ ಪರೀಕ್ಷೆ ಇದ್ದದ್ದು ಐದು ನಿಮಿಷದ ನಂತರವಲ್ಲ, ಫೆಬ್ರವರಿಯಲ್ಲಿ.

ಹಾಗಾಗಿ ‘ಎಷ್ಟು ಗಂಟೆ’ ಎಂಬ ಪ್ರಶ್ನೆಯನ್ನು ಇಲ್ಲಿಗೇ ಬಿಡುತ್ತೇನೆ. ‘ಯಾವ ಕೋಚಿಂಗ್?’ ಎಂಬುದಕ್ಕೆ ಉತ್ತರ: ಯಾವುದೂ ಇಲ್ಲ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಉಚಿತವಾಗಿ ಸಿಗುತ್ತವೆ, ಐಐಟಿ ಮುಂತಾದೆಡೆಯ ಪ್ರಾಧ್ಯಾಪಕರು ಅಂತರ್ಜಾಲದಲ್ಲಿ ಕೊಡುವ ಎನ್‌ಪಿಟೆಲ್ ಉಪನ್ಯಾಸಗಳೂ ಹಾಗೆಯೇ. ‘ರ‍್ಯಾಂಕ್ ಎಷ್ಟು?’ ಎಂಬುದಕ್ಕೆ ಉತ್ತರ ಹೇಳುವುದಿಲ್ಲ.

ಯಾರೂ ಕೇಳದ, ಆದರೆ ಕೇಳಬೇಕಿದ್ದ ಪ್ರಶ್ನೆ ಬೇರೆ ಇದೆ. ಮೊದಲ ಸಲದ ರೆಸ್ಪಾನ್ಸ್ ಶೀಟನ್ನು ತೆರೆಯಲು ನಿನಗೆ ಎಷ್ಟು ದಿನ ಬೇಕಾಯಿತು?

ಪರೀಕ್ಷೆಯಾದ ಕೆಲವು ದಿನಗಳಿಗೆ, ಯಾವ ಪ್ರಶ್ನೆಗೆ ನಾವು ಯಾವ ಉತ್ತರ ಕೊಟ್ಟಿದ್ದೇವೆ ಎಂಬ ಕಡತವನ್ನು ಅವರೇ ಕೊಡುತ್ತಾರೆ. ಸರಿಯುತ್ತರಗಳ ಪಟ್ಟಿಯೂ ಬರುತ್ತದೆ. ಎರಡನ್ನೂ ನಾನು ಫೆಬ್ರವರಿಯಲ್ಲೇ ಇಳಿಸಿಕೊಂಡಿದ್ದೆ. ತೆರೆದದ್ದು ಜೂನ್‌ನಲ್ಲಿ. ನಡುವಿನ ನಾಲ್ಕು ತಿಂಗಳು ಅದು ಲ್ಯಾಪ್‌ಟಾಪಿನ ಪರದೆಯ ಮೂಲೆಯಲ್ಲಿ, ನನ್ನ ತಂಗಿಯ ಭರತನಾಟ್ಯದ ಫೋಟೋಗಳ ಪಕ್ಕದಲ್ಲಿ ಕುಳಿತಿತ್ತು. ಆ ಅವಧಿಯಲ್ಲಿ ನಾನು ಹೊಸ ವೇಳಾಪಟ್ಟಿಗಳನ್ನು ಮೂರು ಬಣ್ಣಗಳಲ್ಲಿ ಬರೆದೆ, ಹೊಸ ಪುಸ್ತಕಗಳನ್ನು ಕೊಂಡೆ, ಒಂದನೇ ಅಧ್ಯಾಯದಿಂದ ಮತ್ತೆ ಓದಲು ಶುರು ಮಾಡಿದೆ. ಕಾಯಿಲೆ ಏನೆಂದು ನೋಡದೆ ಔಷಧ ಕುಡಿಯುತ್ತಿದ್ದೆ ಎಂದು ಈಗ ಹೇಳಬಹುದು. ಆಗ ಅದನ್ನು ತಯಾರಿ ಎಂದೇ ಕರೆಯುತ್ತಿದ್ದೆ.

ಜೂನ್ ತಿಂಗಳ ಒಂದು ಭಾನುವಾರ, ಕರೆಂಟ್ ಹೋಗಿ ಮಾಡಲು ಬೇರೇನೂ ಇಲ್ಲದಿದ್ದಾಗ, ಬ್ಯಾಟರಿಯಲ್ಲಿ ಉಳಿದಿದ್ದ ಒಂದೂವರೆ ಗಂಟೆಯಲ್ಲಿ ಅದನ್ನು ತೆರೆದೆ. 65 ಪ್ರಶ್ನೆಗಳಲ್ಲಿ 33 ಸರಿ, 24 ತಪ್ಪು, 8 ಖಾಲಿ. ಸರಿಯಾದವುಗಳಿಂದ ಬಂದದ್ದು 47 ಅಂಕ. ತಪ್ಪುಗಳಲ್ಲಿ ಬಹು ಆಯ್ಕೆಯ ಪ್ರಶ್ನೆಗಳು 14 ಇದ್ದವು: ಒಂದು ಅಂಕದವು ಆರು, ಎರಡು ಅಂಕದವು ಎಂಟು. ಈ ಬಗೆಯವುಗಳಲ್ಲಿ ಮಾತ್ರ, ಒಂದು ಅಂಕದ ತಪ್ಪಿಗೆ ಮೂರನೇ ಒಂದು ಅಂಕ, ಎರಡು ಅಂಕದ ತಪ್ಪಿಗೆ ಮೂರನೇ ಎರಡು ಅಂಕ ಕಳೆಯುತ್ತಾರೆ. ಅಂದರೆ ನನ್ನ 47ರಿಂದ 7.33 ಅಂಕಗಳನ್ನು ನಾನೇ ಕೈಯಾರೆ ವಾಪಸು ಕೊಟ್ಟಿದ್ದೆ.

ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಆ 24 ತಪ್ಪುಗಳನ್ನು ಒಂದರ ಕೆಳಗೊಂದು ಬರೆದು, ಪ್ರತಿಯೊಂದರ ಮುಂದೆ ಒಂದು ಅಕ್ಷರ ಹಾಕಿದೆ. ವಿಷಯವೇ ಗೊತ್ತಿಲ್ಲದಿದ್ದರೆ ‘ಗೊ’, ಲೆಕ್ಕದಲ್ಲಿ ಎಡವಿದ್ದರೆ ‘ಲೆ’, ಪ್ರಶ್ನೆಯನ್ನು ಸರಿಯಾಗಿ ಓದಿರದಿದ್ದರೆ ‘ಓ’, ಕಣ್ಣುಮುಚ್ಚಿ ಊಹಿಸಿದ್ದರೆ ‘ಊ’. ಎಣಿಸಿದಾಗ ಗೊ ಏಳು, ಲೆ ಒಂಬತ್ತು, ಓ ಮೂರು, ಊ ಐದು. ಖಾಲಿ ಬಿಟ್ಟ ಎಂಟರಲ್ಲಿ ಐದನ್ನು ಆ ಭಾನುವಾರ ಮೋಂಬತ್ತಿಯ ಬೆಳಕಿನಲ್ಲೇ ಬಿಡಿಸಿದೆ. ಪರೀಕ್ಷೆಯಲ್ಲಿ ಅವುಗಳ ಬಳಿಗೆ ಹೋಗಲು ಸಮಯವೇ ಉಳಿದಿರಲಿಲ್ಲ. ಏಕೆ ಉಳಿದಿರಲಿಲ್ಲ ಎಂಬುದೂ ನೆನಪಿತ್ತು: ಒಂದು ಗೇರಿನ ಸುತ್ತ ಇನ್ನೊಂದು ಸುತ್ತುವ ಎಪಿಸೈಕ್ಲಿಕ್ ಗೇರ್‌ಗಳ ಒಂದು ಪ್ರಶ್ನೆಯನ್ನು ಹಿಡಿದು ಕುಳಿತಾಗ ಪರದೆಯ ಗಡಿಯಾರ ಇನ್ನು 96 ನಿಮಿಷ ಉಳಿದಿದೆ ಎಂದು ತೋರಿಸುತ್ತಿತ್ತು, ಬಿಟ್ಟು ಎದ್ದಾಗ 85. ಹನ್ನೊಂದು ನಿಮಿಷ ಕೊಟ್ಟು, ಕೊನೆಗೆ ತಪ್ಪು ಉತ್ತರವನ್ನು ಗುರುತು ಮಾಡಿದ್ದೆ.

ಈ ಪಟ್ಟಿಯನ್ನು ನೋಡುತ್ತ ಕುಳಿತಾಗ ನನಗೆ ಸಂಕಟವಾಗಲಿಲ್ಲ, ಸಿಟ್ಟು ಬಂತು. ಕೈತಪ್ಪಿದ 32 ಪ್ರಶ್ನೆಗಳಲ್ಲಿ ನಿಜವಾಗಿ ಗೊತ್ತಿಲ್ಲದವು ಹತ್ತು ಮಾತ್ರ. ಉಳಿದ 22 ಪ್ರಶ್ನೆಗಳಿಗೆ, ದಿನಕ್ಕೆ ಹತ್ತಲ್ಲ, ಹದಿನಾಲ್ಕು ಗಂಟೆ ಪುಸ್ತಕ ಓದಿದರೂ ಏನೂ ಪ್ರಯೋಜನವಿರಲಿಲ್ಲ. ಮತ್ತು ನಾನು ಆಗಲೇ ಎರಡು ತಿಂಗಳಿನಿಂದ ಪುಸ್ತಕವನ್ನೇ ಓದುತ್ತಿದ್ದೆ.

‘ಲೆ’ ಎಂಬ ಅಕ್ಷರದ ಒಂದು ಮಾದರಿ ಹೀಗಿತ್ತು. 27 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಗಾಳಿಯನ್ನು ಶಾಖ ಒಳಹೊರಗೆ ಹೋಗದಂತೆ, ಆದರ್ಶ ರೀತಿಯಲ್ಲಿ, ಎಂಟು ಪಟ್ಟು ಒತ್ತಡಕ್ಕೆ ಏರಿಸಿದರೆ ಅದರ ಉಷ್ಣತೆ ಎಷ್ಟಾಗುತ್ತದೆ? ಎಂಟರ ಮೇಲೆ, ಗಾಳಿಯ ಸೂತ್ರದಲ್ಲಿ ಬರುವ 0.286 ಎಂಬ ಘಾತ ಹಾಕಿದರೆ ಸುಮಾರು 1.81 ಬರುತ್ತದೆ. ಅದನ್ನು, 27ಕ್ಕೆ 273 ಕೂಡಿಸಿದರೆ ಬರುವ 300 ಕೆಲ್ವಿನ್‌ನಿಂದ ಗುಣಿಸಬೇಕು. 543 ಕೆಲ್ವಿನ್, ಅಂದರೆ ಸುಮಾರು 270 ಡಿಗ್ರಿ ಸೆಲ್ಸಿಯಸ್. ನಾನು 27ರಿಂದಲೇ ಗುಣಿಸಿ 49 ಎಂದು ಬರೆದುಬಂದಿದ್ದೆ. ಎಂಟು ಪಟ್ಟು ಒತ್ತಿದ ಗಾಳಿ ಬಚ್ಚಲುಮನೆಯ ಹಂಡೆಯ ನೀರಿನಷ್ಟು ಬೆಚ್ಚಗಾಗುತ್ತದೆ ಎಂದು ನಂಬಿ, ‘ಸೇವ್ ಅಂಡ್ ನೆಕ್ಸ್ಟ್’ ಒತ್ತಿ ಮುಂದೆ ಹೋದವಳು ಎಂಜಿನಿಯರಿಂಗ್ ಪದವೀಧರೆ. ಸೈಕಲ್ಲಿಗೆ ಗಾಳಿ ಹೊಡೆಯುವ ಹುಡುಗನೂ ಪಂಪಿನ ತುದಿ ಮುಟ್ಟಿ ನೋಡಿ ಇದು ತಪ್ಪು ಎಂದು ಹೇಳುತ್ತಿದ್ದ.

ಇನ್ನೊಂದು ಸಂಗತಿ, ಇದು ಪೂರ್ತಿ ನನ್ನ ತಪ್ಪಲ್ಲ ಎಂದು ನಾನು ವಾದಿಸುತ್ತೇನೆ. ಪರೀಕ್ಷೆಯಲ್ಲಿ ನಮ್ಮ ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ. ಪರದೆಯ ಮೇಲಿನ ಕ್ಯಾಲ್ಕುಲೇಟರನ್ನು ಮೌಸ್‌ನಿಂದ ಒಂದೊಂದೇ ಅಂಕಿ ಒತ್ತಿ ಬಳಸಬೇಕು. ವರ್ಷವಿಡೀ ಮನೆಯಲ್ಲಿ ಕಣ್ಣು ಮುಚ್ಚಿಯೂ ಬೆರಳು ಓಡುವ ನನ್ನ ಹಳೆಯ ಕ್ಯಾಲ್ಕುಲೇಟರಿನಲ್ಲಿ ಅಭ್ಯಾಸ ಮಾಡಿ, ಅಲ್ಲಿ ಹೋಗಿ ಘಾತದ ಗುಂಡಿಯನ್ನು ಹುಡುಕುತ್ತ ಕುಳಿತೆ. ಸರಿ, ಇದೂ ನನ್ನ ತಪ್ಪೇ. ಪರದೆಯ ಕ್ಯಾಲ್ಕುಲೇಟರ್ ಇರುತ್ತದೆ ಎಂದು ಅವರು ಮೊದಲೇ ಹೇಳಿರುತ್ತಾರೆ.

‘ಊ’ ಬಗ್ಗೆ ಒಂದು ಲೆಕ್ಕ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಆರಿಸಿದರೆ, ನಾಲ್ಕರಲ್ಲಿ ಒಂದು ಸಲ ಒಂದು ಅಂಕ ಸಿಗುತ್ತದೆ, ಮೂರು ಸಲ ಮೂರನೇ ಒಂದರಂತೆ ಒಟ್ಟು ಒಂದು ಅಂಕ ಹೋಗುತ್ತದೆ. ಸರಾಸರಿ ಲಾಭ ಸೊನ್ನೆ. ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿಹಾಕಬಲ್ಲಿರಾದರೆ ಸರಾಸರಿ ಒಂಬತ್ತನೇ ಒಂದು ಅಂಕದ ಲಾಭ, ಎರಡನ್ನು ತಳ್ಳಿಹಾಕಿದರೆ ಮೂರನೇ ಒಂದು. ಎರಡನೇ ವರ್ಷ ನಾನು ಇಟ್ಟುಕೊಂಡ ನಿಯಮ ಇದೇ: ಎರಡನ್ನು ತಳ್ಳಿಹಾಕಲು ಕಾರಣ ಸಿಗದಿದ್ದರೆ ಮುಟ್ಟಬಾರದು. ಆದರೆ ಸಂಖ್ಯೆಯನ್ನೇ ತುಂಬಬೇಕಾದ ಪ್ರಶ್ನೆಗಳಿಗೂ, ಒಂದಕ್ಕಿಂತ ಹೆಚ್ಚು ಆಯ್ಕೆ ಸರಿಯಿರಬಹುದಾದ ಪ್ರಶ್ನೆಗಳಿಗೂ ನೆಗೆಟಿವ್ ಅಂಕವಿಲ್ಲ. ಅವುಗಳಲ್ಲಿ ಅರೆಬರೆ ಗೊತ್ತಿದ್ದರೂ ಏನಾದರೂ ಬರೆದು ಬರಬೇಕು.

ಮುಂದಿನ ಎಂಟು ತಿಂಗಳ ತಯಾರಿ ಹೆಚ್ಚುಕಡಿಮೆ ಆ ನೋಟ್‌ಬುಕ್ಕಿನಿಂದಲೇ ಹುಟ್ಟಿತು. ‘ಗೊ’ ಎಂದಿದ್ದ ಅಧ್ಯಾಯಗಳನ್ನು ಮಾತ್ರ ಪುಸ್ತಕದಿಂದ ಓದಿದೆ. ಉಳಿದವುಗಳಲ್ಲಿ ಹಳೆಯ ಪ್ರಶ್ನೆಗಳನ್ನು ಬಿಡಿಸಿ, ತಪ್ಪಾದದ್ದನ್ನು ನೋಟ್‌ಬುಕ್ಕಿಗೆ ಇಳಿಸಿ, ಮೂರು ದಿನ ಬಿಟ್ಟು ಒಮ್ಮೆ, ಹತ್ತು ದಿನ ಬಿಟ್ಟು ಒಮ್ಮೆ, ತಿಂಗಳು ಬಿಟ್ಟು ಒಮ್ಮೆ, ಪರಿಹಾರ ನೋಡದೆ ಮತ್ತೆ ಬಿಡಿಸುತ್ತಿದ್ದೆ. ಅಕ್ಟೋಬರ್‌ನಿಂದ ಪ್ರತಿ ಭಾನುವಾರ ಬೆಳಗ್ಗೆ 9.30ರಿಂದ 12.30ರವರೆಗೆ ಒಂದು ಅಣಕು ಪರೀಕ್ಷೆ, ಪರದೆಯ ಕ್ಯಾಲ್ಕುಲೇಟರಿನಲ್ಲೇ. ಊಟವಾದ ಮೇಲೆ ಸಂಜೆಯವರೆಗೆ ಅದರ ಪೋಸ್ಟ್‌ಮಾರ್ಟಂ. ಪರೀಕ್ಷೆಗೆ ಮೂರು ಗಂಟೆ, ಪೋಸ್ಟ್‌ಮಾರ್ಟಂಗೆ ಐದು. ಜನ ಸಾಮಾನ್ಯವಾಗಿ ಇದರ ಉಲ್ಟಾ ಮಾಡುತ್ತಾರೆ: ವಾರಕ್ಕೆ ನಾಲ್ಕು ಅಣಕು ಪರೀಕ್ಷೆ ಬರೆದು, ಅಂಕ ನೋಡಿ, ಬೇಸರಪಟ್ಟು, ಐದನೆಯದನ್ನು ಬರೆಯುತ್ತಾರೆ. ಮೊದಲ ವರ್ಷದ ಜನವರಿಯಲ್ಲಿ ನಾನೂ ಹಾಗೆಯೇ ಮಾಡಿದ್ದೆ.

ಸಾಮಾನ್ಯ ಯೋಗ್ಯತೆ ಎಂಬ ಭಾಗಕ್ಕೆ 15 ಅಂಕ, ಎಂಜಿನಿಯರಿಂಗ್ ಗಣಿತಕ್ಕೆ 13 ಅಂಕ ಇರುತ್ತವೆ. ನೂರರಲ್ಲಿ 28. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ, ಬಿಟ್ಟ ಸ್ಥಳದಲ್ಲಿ ಸರಿಯಾದ ಇಂಗ್ಲಿಷ್ ಪದ ತುಂಬಿ ಎನ್ನುವ ಪ್ರಶ್ನೆ ಗೇರುಗಳಿಗಿಂತ ಹೆಚ್ಚು ಭಯ ಹುಟ್ಟಿಸುತ್ತಿತ್ತು. ಭಯವಿದ್ದ ಕಾರಣಕ್ಕೇ ಮೊದಲ ವರ್ಷ ಅದನ್ನು ‘ಅದೇನು ಮಹಾ’ ಎಂದು ಪಕ್ಕಕ್ಕಿಟ್ಟಿದ್ದೆ. ಎರಡನೇ ವರ್ಷ ಕಾರ್ಖಾನೆಯ ಬಸ್ಸಿನಲ್ಲಿ ಹೋಗಿಬರುವ ಹೊತ್ತನ್ನು ಪೂರ್ತಿ ಇದಕ್ಕೆ ಕೊಟ್ಟೆ. ದೊಡ್ಡಪ್ಪ ಇದನ್ನೂ ಗಂಟೆಗೆ ಸೇರಿಸಿಕೊಳ್ಳಬಹುದು, ನನ್ನ ಅಭ್ಯಂತರವಿಲ್ಲ.

2023ರ ಫೆಬ್ರವರಿಯಲ್ಲಿ ರೆಸ್ಪಾನ್ಸ್ ಶೀಟ್ ಬಂದ ದಿನವೇ ರಾತ್ರಿ ತೆರೆದೆ. ಸರಿ 44, ತಪ್ಪು 10, ಖಾಲಿ 11. ಹೌದು, ಮೊದಲ ಸಲಕ್ಕಿಂತ ಮೂರು ಪ್ರಶ್ನೆ ಹೆಚ್ಚು ಖಾಲಿ ಬಿಟ್ಟಿದ್ದೆ, ಎಲ್ಲವನ್ನೂ ನೋಡಿ, ತಿಳಿದೇ ಬಿಟ್ಟಿದ್ದೆ. ನೆಗೆಟಿವ್ ಅಂಕ 7.33ರಿಂದ 2.67ಕ್ಕೆ ಇಳಿದಿತ್ತು. ಅದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಹತ್ತು ತಪ್ಪುಗಳನ್ನು ಬರೆದು ಅಕ್ಷರ ಹಾಕಿದೆ. ‘ಊ’ ಒಂದೂ ಇರಲಿಲ್ಲ. ‘ಲೆ’ ಎರಡಿದ್ದವು. ಒಂದರಲ್ಲಿ ಚಿಹ್ನೆ ತಪ್ಪಾಗಿತ್ತು. ಇನ್ನೊಂದರಲ್ಲಿ, ಎಂಟು ತಿಂಗಳು ಬರೆದುಬರೆದು ಅಳಿಸಿದ ಮೇಲೂ, ನಾನು ಸೆಲ್ಸಿಯಸ್‌ಗೆ 273 ಕೂಡಿಸಿರಲಿಲ್ಲ.